ಹುಳ ಮುಟ್ಟದ ಮರ

ನನ್ನ ಅಕ್ಕ ಹಲ್ಲಿನ ಡಾಕ್ಟರು. ಬೆಳಿಗ್ಗೆಯೆಲ್ಲ ಹಲ್ಲಿಗೆ, ಸಂಜೆಯೆಲ್ಲ ಹಲಗೆಗೆ ಎಂದು ಅವಳ ದಿನವನ್ನು ನಾನು ಎರಡು ಪಾಲು ಮಾಡಿಟ್ಟಿದ್ದೆ. ಅವಳ ಮನೆಯ ಮುಂದಿನ ಕೋಣೆಯಲ್ಲಿ ಕ್ಲಿನಿಕ್ಕು, ಹಿತ್ತಲಿನ ತಗಡಿನ ಷೆಡ್ಡಿನಲ್ಲಿ ಮರಗೆಲಸ. ಎರಡೂ ಕಡೆ ಕೊರೆಯುವುದು, ಉಜ್ಜುವುದು, ಸಂದಿಗೆ ತುಂಬುವುದು. ಷೆಡ್ಡಿನಲ್ಲಿ ಯಾರೂ ನರಳುವುದಿಲ್ಲ ಎನ್ನುವುದಷ್ಟೇ ವ್ಯತ್ಯಾಸ. ಹಲಗೆ ಕೈಗೆ ಬಂದರೂ ಅವಳು ಮೊದಲು ಹುಡುಕುವುದು ಹುಳುಕನ್ನೇ. ಕ್ಲಿನಿಕ್ಕಿನ ಕೊಕ್ಕೆಮೂತಿಯ ಕಡ್ಡಿಯನ್ನು ಜೇಬಿನಿಂದ ತೆಗೆದು ಅಂಚಿಗೆ ಚುಚ್ಚುವಳು, ಬೆರಳಿನಿಂದ ತಟ್ಟುವಳು, ಕಿವಿಗೊಟ್ಟು ಕೇಳುವಳು. ಕೊನೆಗೆ "ಹುಳ ಮುಟ್ಟಿಲ್ಲ" ಎಂದರೆ ಆ ಮರ ಪಾಸಾಯಿತು ಎಂದರ್ಥ. ನಮ್ಮ ಸಂಬಂಧಿಕರಲ್ಲಿ ಒಬ್ಬರ ಬಗ್ಗೆಯೂ ಅವಳು ಇಷ್ಟು ಒಳ್ಳೆಯ ಮಾತು ಆಡಿದ್ದನ್ನು ನಾನು ಕೇಳಿಲ್ಲ.

ನನ್ನದು ಬಾಯಿ ಮಾರಿಕೊಂಡು ಬದುಕುವ ಕಸುಬು. ಜಾಹೀರಾತುಗಳಿಗೆ ದನಿ ಕೊಡುತ್ತೇನೆ. ಸಿಮೆಂಟು ಹೊಗಳುವ ತಾತನೂ ನಾನೇ, ಸೊಳ್ಳೆಬತ್ತಿಯ ಸೊಳ್ಳೆಯೂ ನಾನೇ. ಕೆಲಸವಿಲ್ಲದ ದಿನ ಅಕ್ಕನ ಷೆಡ್ಡಿನಲ್ಲಿ ಕೂತು ಅವಳ ರೋಗಿಗಳನ್ನು ಅವಳಿಗೇ ಮಾಡಿ ತೋರಿಸುತ್ತಿದ್ದೆ. ಅರ್ಧ ಬಾಯಿ ಮರಗಟ್ಟಿದ ಮನುಷ್ಯ ಫೋನಿನಲ್ಲಿ ಹೆಂಡತಿಯ ಜತೆ ಜಗಳವಾಡುವುದನ್ನು ಮಾಡಿದರೆ ಅಕ್ಕ ಉಳಿ ಕೆಳಗಿಟ್ಟು ನಗುವಳು. ಹಲಗೆ ಹೆರೆದು ನುಣುಪು ಮಾಡುವ ಉಜ್ಜುಗೊರಡಿನ ದನಿಯನ್ನೂ ಕಲಿತಿದ್ದೆ. ಹಸಿ ಮರದ ಮೇಲೆ ಅದು ನೆಗಡಿಯಾದವರ ಮೂಗಿನಂತೆ ಚೊರಚೊರ ಎನ್ನುತ್ತದೆ. ಚೆನ್ನಾಗಿ ಒಣಗಿದ ಹಳೆಯ ಮರದ ಮೇಲೆ ಉದ್ದಕ್ಕೆ, ಒಂದೇ ಎಳೆಯಲ್ಲಿ, ಸರ್ರ್ ಎಂದು ರೇಷ್ಮೆ ಹರಿದಂತೆ ಹೋಗುತ್ತದೆ. ನಾನು ಬಾಯಲ್ಲಿ ಸರ್ರ್ ಎಂದರೆ ಅಕ್ಕ ಕಣ್ಣು ಮುಚ್ಚಿ, "ಆ ಮರ ಎಲ್ಲಿದೆ ಹೇಳೋ, ಈಗ್ಲೇ ಹೊರಟೆ" ಅನ್ನುವಳು.

ನನ್ನ ಹೆಂಡತಿಗೆ ದಿನ ತುಂಬುತ್ತ ಬಂದಿತ್ತು. ಹಿಂದೆ ಎರಡು ಸಲ ಆಸೆ ಹುಟ್ಟಿ ಅಷ್ಟರಲ್ಲೇ ಮುರಿದಿತ್ತು. ಹಾಗಾಗಿ ಈ ಸಲ ಮನೆಯಲ್ಲಿ ಎಲ್ಲರೂ ಗಾಜಿನ ಮೇಲೆ ನಡೆಯುವವರಂತೆ ಇದ್ದೆವು. ನಾನು ಅಂಗಡಿಯಲ್ಲಿ ಒಂದು ತೊಟ್ಟಿಲು ನೋಡಿ ಬಂದೆ. ಅಕ್ಕ ಅದರ ಫೋಟೋ ನೋಡಿ ಫೋನನ್ನು ಬೋರಲು ಹಾಕಿದಳು.

"ಇದಕ್ಕೆ ಬಳಿದಿರೋ ಬಣ್ಣದಲ್ಲಿ ಏನೇನಿದೆ ಅಂತ ನಿನಗೆ ಗೊತ್ತಾ? ಹಲ್ಲು ಬರೋ ಮಗು ಮೊದಲು ಕಚ್ಚೋದು ತೊಟ್ಟಿಲ ಕಂಬೀನೇ. ತೊಟ್ಟಿಲು ನಾನು ಮಾಡ್ತೀನಿ. ಬಣ್ಣ ಇಲ್ಲ, ವಾರ್ನಿಷ್ ಇಲ್ಲ, ಬರೀ ಮರ."

"ಮಾಡಕ್ಕ. ಆದ್ರೆ ಮಗು ಹುಟ್ಟೋ ಮುಂಚೆ ಮುಗಿಸು. ನಿನ್ನ ಕಳೆದ ಸ್ಟೂಲು ಮುಗಿಯೋಷ್ಟರಲ್ಲಿ ಕೂರೋರ ಮಂಡಿ ಹೋಗಿತ್ತು."

"ಮರ ಸಿಕ್ಕಿದ್ರೆ ಮುಗಿಸ್ತೀನಿ ಕಣೋ ಕೋತಿ. ಮರಾನೇ ಸಿಗಲ್ಲ."

ಅದು ನಿಜ. ಹವ್ಯಾಸಕ್ಕೆ ಮರಗೆಲಸ ಮಾಡುವವರ ಕಷ್ಟ ಕೆಲಸದಲ್ಲಿಲ್ಲ, ಮರ ಹುಡುಕುವುದರಲ್ಲಿದೆ. ಅವಳ ಜತೆ ಅಲೆದು ಅಲೆದು ನಾನು ಆ ಲೋಕದ ಎಲ್ಲ ದನಿಗಳನ್ನೂ ಕಲಿತೆ. ಟಿಂಬರ್ ಡಿಪೋದವನು ಹಲ್ಲಿನ ಸಂದಿಗೆ ಕಡ್ಡಿ ಹಾಕಿಕೊಂಡೇ, "ಎಷ್ಟು ಲೋಡು?" ಎಂದು ಕೇಳಿದ. ನಾಲ್ಕು ಹಲಗೆ ಎಂದದ್ದಕ್ಕೆ ಅವನು ನಮ್ಮಿಬ್ಬರನ್ನೂ ಹಲಗೆ ನೋಡುವಂತೆ ನೋಡಿದ. ಮರ ಕೊಯ್ಯುವ ಮಿಲ್ಲಿನವನು, "ಒಣಗಿದೆ ಮೇಡಂ, ಫಸ್ಟ್‌ಕ್ಲಾಸ್ ಒಣಗಿದೆ" ಎಂದು ತಟ್ಟಿ ತೋರಿಸಿದ ಹಲಗೆಯಿಂದ ಅವನ ಅಂಗೈಗೆ ನೀರು ಹತ್ತಿತು. ಪೀಠೋಪಕರಣದ ಅಂಗಡಿಯವರ ಹತ್ತಿರ ಉಳಿದ ತುಂಡುಗಳಿದ್ದವು. ಅವುಗಳಿಂದ ಗೊಂಬೆಗೆ ತೊಟ್ಟಿಲು ಮಾಡಬಹುದಿತ್ತು. ಯಂತ್ರ ಬರುವ ಪೆಟ್ಟಿಗೆಗಳ ಹಲಗೆ ಮೊಳೆ ಕಿತ್ತ ಕಡೆಯೆಲ್ಲ ಸೀಳುತ್ತಿತ್ತು. ಗಾಳಿಗೆ ಬಿದ್ದ ಮರವೊಂದನ್ನು ಅಕ್ಕ ಗುರುತಿಟ್ಟು ಬಂದಳು. ಮರುದಿನ ಹೋಗಿ ನೋಡಿದರೆ ಯಾರೋ ಎಲೆಯನ್ನಷ್ಟೇ ಬಿಟ್ಟು ಹೋಗಿದ್ದರು.

"ನಮ್ಮಂಥೋರು ಇನ್ನೂ ಇದಾರೆ ಈ ಊರಲ್ಲಿ" ಎಂದಳು ಅಕ್ಕ, ಬೇಜಾರಿಗಿಂತ ಹೆಚ್ಚು ಮೆಚ್ಚುಗೆಯಲ್ಲಿ. "ಒಳ್ಳೆ ಮರ ಬೀದೀಲಿ ಒಂದು ರಾತ್ರಿ ಮಲಗೋದಿಲ್ಲ ನೋಡು."

ಕಡೆಗೆ ಅವಳ ರೋಗಿಯೊಬ್ಬರು, ಬಾಯಿ ತುಂಬ ಹತ್ತಿ ಇಟ್ಟುಕೊಂಡೇ, ಕೈಸನ್ನೆಯಲ್ಲಿ ದಾರಿ ಹೇಳಿದರು. ಊರಾಚೆ, ಕೆಡವಿದ ಕಟ್ಟಡಗಳ ಸಾಮಾನು ಮಾರುವ ಒಂದು ಅಂಗಳ.

ಅಲ್ಲಿ ಗೋಡೆಗೊರಗಿ ಬಾಗಿಲುಗಳು ನಿಂತಿದ್ದವು, ಸಾಲುಸಾಲು, ಮನೆ ಕಳೆದುಕೊಂಡವರ ಹಾಗೆ. ಕೆಲವಕ್ಕೆ ಇನ್ನೂ ಚಿಲಕ ಹಾಕಿತ್ತು. ಕಿಟಕಿಗಳು, ಮೆಟ್ಟಿಲ ಕೈಹಿಡಿಗಳು, ಯಾರದೋ ಬಚ್ಚಲಿನ ಕನ್ನಡಿ. ಗೇಟಿನ ತಗಡಿನ ಮೇಲೆ 'ಕಟ್ಟಡ ಕೆಡವಿಕೊಡಲಾಗುವುದು' ಎಂದು ಒಬ್ಬ ಕಂಟ್ರಾಕ್ಟರನ ಫೋನ್ ನಂಬರು ಬರೆದಿತ್ತು. ಒಳಗಿನ ಯಜಮಾನನನ್ನು ಎಲ್ಲರೂ ಮರಣ್ಣ ಎನ್ನುತ್ತಿದ್ದರು. ಮರ ಮಾರುವ ಅಣ್ಣ, ಮರಣ್ಣ. ಒಂದು ಒತ್ತು ಕಳಚಿಬಿದ್ದರೆ ಏನಾಗುತ್ತದೆ ಎಂದು ನಾನು ಅಕ್ಕನ ಕಿವಿಯಲ್ಲಿ ಹೇಳಿದೆ. ಅವಳು ಮೊಣಕೈಯಿಂದ ತಿವಿದಳು.

ಮರಣ್ಣನ ಬಾಯಿಯ ಎಡತುದಿಯಲ್ಲಿ ಯಾವಾಗಲೂ ಒಂದು ಮೊಳೆ. ಮಾತೆಲ್ಲ ಬಲತುದಿಯಿಂದ. ಪ್ರತಿ ಮಾತಿನ ಕೊನೆಗೂ "ಮರ ಮಾತ್ರ ಚಿನ್ನ" ಎಂಬ ಬಾಲ. ಎರಡು ನಿಮಿಷದಲ್ಲಿ ಅವನ ದನಿ ನನ್ನ ಗಂಟಲಿಗೆ ಇಳಿದಿತ್ತು.

ಅಕ್ಕ ಬಾಗಿಲು, ಕಿಟಕಿ ಎಲ್ಲ ದಾಟಿ ಅಂಗಳದ ಹಿಂದಿನ ಮೂಲೆಗೆ ಹೋಗಿ ನಿಂತುಬಿಟ್ಟಳು. ಅಲ್ಲಿ ಹಲಗೆಗಳ ಒಂದು ಅಟ್ಟಿ, ಉಳಿದವುಗಳಿಂದ ದೂರ, ಇಟ್ಟಿಗೆಯ ಮೇಲೆ. ಅಗಲ ಹಲಗೆ, ನೇರ ಎಳೆ, ಜೇನಿನ ಬಣ್ಣ. ಅಂಗಳದ ತುಂಬ ಮೊಣಕಾಲೆತ್ತರದ ಹುಲ್ಲಿತ್ತು. ಅಟ್ಟಿಯ ಸುತ್ತ ಮಾತ್ರ ನೆಲ ಗುಡಿಸಿದಂತೆ ಬೋಳು. ಮಳೆನೀರು ಹಲಗೆಯಿಂದ ಇಳಿದು ಹರಿದ ದಾರಿಯಲ್ಲೂ ಒಂದು ಹಸಿರು ಎಸಳಿರಲಿಲ್ಲ. ಅದನ್ನು ನಾನು ನೋಡಿದೆ. ಮರಣ್ಣ ಅಂಗಳವನ್ನು ಶುಚಿಯಾಗಿಟ್ಟಿದ್ದಾನೆ ಎಂದುಕೊಂಡೆ.

"ಇದು ಎಲ್ಲಿಂದ ಬಂತು?" ಅಕ್ಕ ಕೇಳಿದಳು.

"ಯಾವ್ದೋ ಹಳೇ ಗೋದಾಮು ಡಾಕ್ಟ್ರೇ. ಅಟ್ಟದ ಹಲಗೆ. ನಮ್ಮಪ್ಪನ ಕಾಲದ್ದು. ಮರ ಮಾತ್ರ ಚಿನ್ನ."

ಪ್ರತಿ ಹಲಗೆಯ ಒಂದು ಮೈಗೆ ಕೆಂಪು ಬಣ್ಣ ಬಳಿದಿತ್ತು. ಅಂದವಾಗಿ ಬಳಿದದ್ದಲ್ಲ, ಅವಸರದಲ್ಲಿ, ಅಡ್ಡಡ್ಡ, ಕುಂಚ ಕೆಳಗಿಟ್ಟು ಓಡಿಹೋದವರು ಬಳಿದಂತೆ.

"ಈ ಬಣ್ಣ?" ನಾನು ಕೇಳಿದೆ.

ಮರಣ್ಣ ಉತ್ತರಿಸುವ ಮೊದಲೇ ಅಕ್ಕ, "ಬಣ್ಣ ಮೇಲಿಂದು ಕಣೋ. ಒಂದು ಸಲ ಉಜ್ಜಿದ್ರೆ ಹೋಗುತ್ತೆ" ಎಂದಳು. ಅವಳ ಕಡ್ಡಿ ಆಗಲೇ ಹಲಗೆಯ ಅಂಚಿನಲ್ಲಿತ್ತು. ಚುಚ್ಚಿದಳು, ತಟ್ಟಿದಳು, ಒಂದೊಂದೇ ಹಲಗೆ ಮಗುಚಿ ನೋಡಿದಳು. ಮಗುಚುವಾಗ ಕೈ ಹಾಕಿದ ಮರಣ್ಣ ಮೊದಲು ಸೊಂಟದಿಂದ ರಬ್ಬರಿನ ಕೈಗವಸು ತೆಗೆದು ತೊಟ್ಟುಕೊಂಡ. ಬಾಗಿಲು ಎತ್ತುವಾಗ ಅವನ ಕೈ ಬರಿದಾಗಿತ್ತು.

"ಇದಕ್ಕೆ ಸಿಬಿರು ಜಾಸ್ತಿ" ಎಂದ, ನಾನು ನೋಡಿದ್ದನ್ನು ನೋಡಿ.

"ಇಷ್ಟು ನುಣುಪಾಗಿರೋದಕ್ಕೆ ಸಿಬಿರಾ?" ಎಂದಳು ಅಕ್ಕ. ಅವಳು ಬರಿಗೈಯಲ್ಲಿ ಹಲಗೆ ಸವರುತ್ತಿದ್ದಳು, ಸಾಕುಪ್ರಾಣಿಯ ಬೆನ್ನು ಸವರುವಂತೆ. "ಇಷ್ಟು ವರ್ಷ ಗೋದಾಮಲ್ಲಿದ್ದು ಒಂದು ತೂತಿಲ್ಲ, ಗೆದ್ದಲಿನ ಗೆರೆ ಇಲ್ಲ. ನೋಡೋ. ಹುಳ ಮುಟ್ಟಿಲ್ಲ."

"ಹುಳ ಹತ್ರಾನೂ ಬರಲ್ಲ ಡಾಕ್ಟ್ರೇ" ಎಂದ ಮರಣ್ಣ.

ಬರುವ ದಾರಿಯಲ್ಲಿ ನಾನು ಮೊಳೆ ಕಚ್ಚಿದಂತೆ ಬಾಯಿ ಓರೆ ಮಾಡಿ, "ಹುಳ ಹತ್ರಾನೂ ಬರಲ್ಲ ಡಾಕ್ಟ್ರೇ, ಮರ ಮಾತ್ರ ಚಿನ್ನ" ಎಂದು ಅವನ ದನಿಯಲ್ಲಿ ಹೇಳಿದೆ. ಅಕ್ಕ ಸ್ಟೀರಿಂಗ್ ಬಡಿದು ನಕ್ಕಳು. ಹಿಂದಿನ ಸೀಟು ಮಡಚಿ ಹಾಕಿದ್ದ ಹಲಗೆಗಳು ನಮ್ಮಿಬ್ಬರ ತಲೆಯ ನಡುವೆ ಮೂಗು ಚಾಚಿಕೊಂಡಿದ್ದವು.

ಆ ವಾರ ಷೆಡ್ಡಿನಿಂದ ಸರ್ರ್ ಎನ್ನುವ ದನಿ ಬಂತು. ಕೆಂಪು ಬಣ್ಣ ಸುರುಳಿಸುರುಳಿಯಾಗಿ ಎದ್ದು ಅಕ್ಕನ ಕಾಲಬುಡದಲ್ಲಿ ಬಿತ್ತು. ಅವಳು ಅದನ್ನು ಗುಡಿಸಿ ಒಂದು ಮೂಟೆಗೆ ತುಂಬಿದಳು. ಮುಖಕ್ಕೆ ಬಟ್ಟೆ ಕಟ್ಟಿಕೋ ಎಂದರೆ, ದಿನವಿಡೀ ಕ್ಲಿನಿಕ್ಕಿನಲ್ಲಿ ಕಟ್ಟಿಕೊಂಡೇ ಇರುತ್ತೇನೆ, ಇಲ್ಲಾದರೂ ಉಸಿರಾಡುತ್ತೇನೆ ಎಂದಳು.

ತೊಟ್ಟಿಲ ರೂಪ ಬರತೊಡಗಿತು. ಮೇಲಿನ ಕಂಬಿಗೆ ಅವಳು ಹೆಚ್ಚು ಸಮಯ ಕೊಟ್ಟಳು. ಮಗುವಿನ ಒಸಡಿಗೆ ಎಷ್ಟು ದಪ್ಪ ಹಿತ, ಎಷ್ಟು ದುಂಡು ಬೇಕು ಎನ್ನುವುದು ಅವಳಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತು. ತನ್ನ ತುಟಿಗೇ ಒತ್ತಿ ಒತ್ತಿ ನೋಡಿ ಮರಳುಕಾಗದದಿಂದ ತೀಡಿದಳು. ಎಣ್ಣೆಯನ್ನೂ ಹಚ್ಚಲಿಲ್ಲ.

ಷೆಡ್ಡಿನಲ್ಲಿ ಅವಳಿಗೆ ಹಳೆಯ ಬಾಡಿಗೆದಾರರಿದ್ದರು. ಮೂಲೆಯಲ್ಲಿ ಒಂದು ಜೇಡ, ಹಲ್ಲಿ ಒಂದು, ತೊಲೆಗೆ ಪ್ರತಿವರ್ಷ ಮಣ್ಣಿನ ಗೂಡು ಕಟ್ಟುವ ಕಣಜ. ಜೇಡಕ್ಕೆ ನಾನು 'ಮೇಸ್ತ್ರಿ' ಎಂದು ಹೆಸರಿಟ್ಟಿದ್ದೆ. ಒಂದು ಸಂಜೆ ಹೋದಾಗ ಬಲೆ ಇತ್ತು, ಮೇಸ್ತ್ರಿ ಇರಲಿಲ್ಲ. ಬಲೆಯ ಮೇಲೆ ಮರದ ಸಣ್ಣ ಹುಡಿ ಕೂತು ಅದು ಜೋಲುತ್ತಿತ್ತು. ಕಣಜದ ಗೂಡು ಅರ್ಧಕ್ಕೇ ನಿಂತಿತ್ತು.

"ಮೇಸ್ತ್ರಿ ಕೆಲಸ ಬಿಟ್ಟು ಹೋದ್ನಾ ಅಕ್ಕ?"

"ನಿನ್ನ ಮಾತು ತಡೆಯೋಕಾಗದೆ ಹೋಗಿರ್ತಾನೆ" ಎಂದಳು. ಎನ್ನುತ್ತ ಕೆಮ್ಮಿದಳು. ಬಲಗೈಯನ್ನು ಎರಡು ಸಲ ಝಾಡಿಸಿದಳು.

"ಏನಾಯ್ತು?"

"ಜೋಮು. ಉಜ್ಜಿ ಉಜ್ಜಿ ಬೆರಳ ತುದಿ ಸತ್ತಂಗಾಗಿದೆ. ಇವತ್ತು ಒಬ್ಬರ ಹಲ್ಲು ಕೊರೀಬೇಕಾದ್ರೆ ಕೈ ಸ್ವಲ್ಪ ಅಲುಗಿತು. ನಾಳೆಗೆ ಅಂತ ಕಳಿಸ್ದೆ."

ಅಕ್ಕನ ಕೈ ಅಲುಗಿದ್ದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ವಯಸ್ಸಾಯಿತು ಎಂದು ಗೇಲಿ ಮಾಡಿದೆ. ಅವಳೂ ನಕ್ಕಳು.

ತೊಟ್ಟಿಲು ನಮ್ಮ ಮನೆಗೆ ಬಂತು. ನಾಲ್ಕು ಕಾಲಿನ ಚೌಕಟ್ಟು, ಅದರ ನಡುವೆ ತೂಗುವ ತೊಟ್ಟಿಲು, ಎಲ್ಲೂ ಒಂದು ಮೊಳೆಯಿಲ್ಲ. ಒಂದು ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ಆಡುತ್ತಿತ್ತು. ನನ್ನ ಹೆಂಡತಿ ಅದರ ಅಂಚಿಗೆ ಮೂಗು ಹಿಡಿದಳು. ಆ ದಿನಗಳಲ್ಲಿ ಅವಳ ಮೂಗು ಪಕ್ಕದ ಬೀದಿಯ ಒಗ್ಗರಣೆಯನ್ನೂ ಹಿಡಿಯುತ್ತಿತ್ತು.

"ರೀ, ಇದು ಒಂಥರಾ ಸಿಹಿ ವಾಸನೆ."

"ಮರದ ವಾಸನೆ. ಚೆನ್ನಾಗಿಲ್ವಾ?"

"ಚೆನ್ನಾಗೇ ಇದೆ. ಅದಕ್ಕೇ ಹೇಳಿದ್ದು. ಹಣ್ಣು ಕೊಳೆಯೋಕೆ ಮುಂಚೆ ಹಿಂಗೆ ಇರುತ್ತೆ."

"ನಿನ್ನೆ ಸೋಪಿಗೂ ಮೀನಿನ ವಾಸನೆ ಅಂದೆ" ಎಂದೆ. ಅವಳು ಎದ್ದುಹೋದಳು. ಕಿಟಕಿ ತೆಗೆದಿಟ್ಟಳು.

ಮಗಳು ಹುಟ್ಟಿದಳು. ತೂಕ ಕಡಿಮೆ, ದನಿ ಜಾಸ್ತಿ. ನಮ್ಮ ಮನೆಯ ದನಿಯೇ ಎಂದು ಅಕ್ಕ ಪ್ರಮಾಣಪತ್ರ ಕೊಟ್ಟಳು. ಆಸ್ಪತ್ರೆಯಿಂದ ಬೆಳಿಗ್ಗೆ ಮನೆಗೆ ಬಂದೆವು. ಅಕ್ಕ ಮೊದಲೇ ಬಂದು ತೊಟ್ಟಿಲಿಗೆ ಮೆತ್ತನೆಯ ಬಟ್ಟೆ ಹಾಸಿದ್ದಳು. ಮಗುವನ್ನು ಮಲಗಿಸಿದಾಗ ಅದು ಅಳು ನಿಲ್ಲಿಸಿ, ಕೈಯೆತ್ತಿ, ಅಕ್ಕ ತೀಡಿದ ಕಂಬಿಯನ್ನು ನೋಡಿತು. ನೋಡಲಿಕ್ಕೆ ಇನ್ನೂ ಬರುವುದಿಲ್ಲ ಎಂದರೂ ಅಕ್ಕ ಒಪ್ಪಲಿಲ್ಲ. ಅವಳ ಕಣ್ಣು ತುಂಬಿತ್ತು. "ರೋಗಿ ಕಾಯ್ತಿದಾರೆ" ಎಂದು ಬೇಗ ಹೊರಟುಹೋದಳು.

ಹೆಂಡತಿ ಪಕ್ಕದ ಮಂಚದಲ್ಲಿ ನಿದ್ದೆ ಹೋದಳು. ನಾನು ಅವಳಿಗೆಂದು ತಂದ ಸಕ್ಕರೆ ಹಾಕಿದ ಹಾಲು ಲೋಟದಿಂದ ತುಳುಕಿ ತೊಟ್ಟಿಲ ಆಚೆ ಬದಿಯ ನೆಲಕ್ಕೆ ಬಿತ್ತು. ಒರೆಸುವ ಬಟ್ಟೆ ಹುಡುಕುವ ಸೋಮಾರಿತನದಲ್ಲಿ ಕುರ್ಚಿಯಲ್ಲೇ ಕೂತೆ. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಇರುವೆಗಳು ಹೊರಟವು. ಮನೆಯ ಸಣ್ಣ ಕಪ್ಪಿರುವೆ. ಹಾಲಿಗೂ ಬಾಗಿಲಿಗೂ ನಡುವೆ ನೇರ ದಾರಿಯಿತ್ತು, ತೊಟ್ಟಿಲ ಕೆಳಗಿನಿಂದ.

ಸಾಲು ತೊಟ್ಟಿಲ ಹತ್ತಿರ ಬಂದು ನಿಂತಿತು. ಮುಂದಿನ ಇರುವೆ ಮೀಸೆ ಆಡಿಸಿತು. ಹಿಂದೆ ಸರಿಯಿತು. ಆಮೇಲೆ ಇಡೀ ಸಾಲು ಬಳಸಿಕೊಂಡು ಹೊರಟಿತು. ಕಾಲಿನಿಂದ ಒಂದು ಗೇಣು ದೂರ, ಗೋಡೆ ತಬ್ಬಿಕೊಂಡು, ಚೌಕಟ್ಟಿನ ನಾಲ್ಕು ಕಾಲನ್ನೂ ಬಿಟ್ಟು, ಆಚೆ ಬದಿಗೆ.

ಮೊದಲು ನನಗೆ ನಗು ಬಂತು. ಇರುವೆಗಳು ಟ್ರಾಫಿಕ್ ಪೊಲೀಸನ ಮಾತು ಕೇಳಿದಂತೆ ಇದೆ ಎನಿಸಿ, ಆ ಪೊಲೀಸನ ದನಿಯನ್ನು ಮೆಲ್ಲಗೆ ಮಾಡಿಯೂ ನೋಡಿದೆ. ಆಮೇಲೆ ಎದ್ದುಹೋಗಿ ಒಂದು ಸಕ್ಕರೆಯ ಹರಳನ್ನು ತೊಟ್ಟಿಲ ಕಾಲಿಗೇ ಒತ್ತಿ ಇಟ್ಟೆ. ಯಾವುದೂ ಬರಲಿಲ್ಲ. ಒಂದು ಇರುವೆಯನ್ನು ಕಾಗದದ ತುದಿಗೆ ಹತ್ತಿಸಿಕೊಂಡು ಸಕ್ಕರೆಯ ಪಕ್ಕ ಇಳಿಸಿದೆ. ಅದು ಸಕ್ಕರೆಯನ್ನು ಮೂಸಲಿಲ್ಲ. ಸುತ್ತಿತು, ಸುತ್ತಿತು, ಕಾಲು ಮಡಚಿ ನೆಲಕ್ಕೆ ಬಿತ್ತು. ಬಿದ್ದಲ್ಲೇ ಗಿರಗಿರ ತಿರುಗಿತು. ನಿಂತಿತು.

ಹುಳ ಹತ್ರಾನೂ ಬರಲ್ಲ ಡಾಕ್ಟ್ರೇ.

ನಾನು ಮಗುವನ್ನು ಎತ್ತಿಕೊಂಡೆ. ಬಟ್ಟೆ, ಹಾಸು ಏನನ್ನೂ ತರದೆ, ಬರೀ ಮಗುವನ್ನು. ಹೆಂಡತಿ ಎಚ್ಚರವಾಗಿ, "ಯಾಕ್ರೀ ಎತ್ತಿದ್ರಿ, ಈಗಷ್ಟೇ ಮಲಗಿತ್ತು" ಎಂದಳು. ಮಗುವನ್ನು ಅವಳ ಕೈಗೆ ಕೊಟ್ಟು ಮುಂದಿನ ಕೋಣೆಗೆ ಹೋಗು, ಮಗುವಿಗೆ ಬೇರೆ ಬಟ್ಟೆ ಹಾಕು ಎಂದೆ. ನನ್ನ ಮುಖ ನೋಡಿ ಅವಳು ಮಗುವನ್ನು ಎದೆಗವಚಿ ಎದ್ದಳು. ಮೂಗನ್ನು ಸೆರಗಿನಿಂದ ಮುಚ್ಚಿಕೊಂಡಳು.

ಮರಣ್ಣನನ್ನು ಕೇಳಿದರೆ ಚಿನ್ನ ಎನ್ನುತ್ತಾನೆ. ಅಂಗಳದ ಗೇಟಿನ ಮೇಲಿದ್ದ ಕಂಟ್ರಾಕ್ಟರನ ನಂಬರು ನನಗೆ ನೆನಪಿತ್ತು. ಆ ಗೋದಾಮು ಕೆಡವಿದವನು ಅವನೇ ಇರಬೇಕು. ಜಾಹೀರಾತಿನವರಿಗೆ ನಂಬರು ಮರೆಯುವುದಿಲ್ಲ. ಆದರೆ ಅಪರಿಚಿತನಿಗೆ ಅವನು ಬಾಯಿ ಬಿಡುವುದಿಲ್ಲ. ನಾನು ಬಾಯಿಯ ಎಡತುದಿಯಲ್ಲಿ ಪೆನ್ನಿನ ಮುಚ್ಚಳ ಕಚ್ಚಿಕೊಂಡು ಫೋನ್ ಮಾಡಿದೆ.

"ಯಾರು?" ಎಂದಿತು ಆ ಕಡೆ.

"ನಾನಪ್ಪಾ. ನನ್ನ ಫೋನ್ ಕೆಟ್ಟಿದೆ, ಇದು ಬೇರೆಯೋರ್ದು. ಆ ಗೋದಾಮಿನ ಹಲಗೆ ಬಗ್ಗೆ ಒಬ್ಬರು ಕೇಳ್ತಿದಾರೆ. ಮರ ಮಾತ್ರ ಚಿನ್ನ ಅಂದಿದೀನಿ."

"ಮರಣ್ಣ, ನಿಮಗೆ ತಲೆ ಸರಿಯಿದೆಯಾ? ಅದನ್ನ ಮಾರಬೇಡಿ ಅಂತ ಹೇಳಿದ್ನಲ್ಲ. ಹೊಂಡಕ್ಕೆ ಹಾಕ್ತೀನಿ ಅಂತ ಒಯ್ದೋರು ನೀವು."

ಪೆನ್ನಿನ ಮುಚ್ಚಳ ನನ್ನ ಹಲ್ಲಿನ ಕೆಳಗೆ ಚಟ್ ಎಂದಿತು. "ತೊಳೆದಿದೀನಲ್ಲಪ್ಪಾ."

"ತೊಳೆದ್ರೆ ಹೋಗೋದಾ ಅದು? ಬೆಳೆಗೆ ಹೊಡೆಯೋ ಔಷಧಿ, ಡಬ್ಬ ಒಡೆದು ಒಡೆದು ಎಷ್ಟು ವರ್ಷ ಕುಡಿದಿದೆ ಆ ಮರ. ಕಿತ್ತ ನಮ್ಮ ಆಳಿಗೆ ಇವತ್ತಿಗೂ ಟೀ ಲೋಟ ಹಿಡಿಯೋಕೆ ಎರಡು ಕೈ ಬೇಕು. ಅದಕ್ಕೇ ಅಲ್ವಾ ಅವತ್ತು ಎಲ್ಲ ಹಲಗೆಗೂ ಕೆಂಪು ಬಳಿಸಿದ್ದು. ಯಾರೂ ಮನೆ ಒಳಗೆ ಒಯ್ಯಬಾರದು ಅಂತ. ಬಣ್ಣ ನೋಡಿದ್ರೆ ಯಾರಿಗಾದ್ರೂ ಗೊತ್ತಾಗುತ್ತೆ." ಅವನ ದನಿ ತಗ್ಗಿತು. "ಎಷ್ಟು ಮಾರಿದ್ರಿ?"

ನಾನು ಬಾಯಿಂದ ಮುಚ್ಚಳ ತೆಗೆದೆ.

"ಮರಣ್ಣ? ಯಾರಿಗೆ ಮಾರಿದ್ರಿ?"

ಫೋನ್ ಇಟ್ಟೆ.

ನಾನು ಕರೆದ ಕೂಡಲೇ ಅಕ್ಕ ಕ್ಲಿನಿಕ್ಕಿನ ಬಿಳಿ ಕೋಟಿನಲ್ಲೇ ಓಡಿ ಬಂದಳು. ಇರುವೆಗಳು ಇನ್ನೂ ಗೋಡೆಯಂಚಿನಲ್ಲೇ ಬಳಸಿ ಹೋಗುತ್ತಿದ್ದವು. ನಾನು ಹೇಳಿದ್ದಕ್ಕಿಂತ ಹೆಚ್ಚಾಗಿ ಅವಳು ಅವುಗಳನ್ನೇ ನೋಡಿ ಅರ್ಥ ಮಾಡಿಕೊಂಡಳು. ಮಂಡಿಯೂರಿ ಕೂತಳು. ಕೊಕ್ಕೆಕಡ್ಡಿ ಜೇಬಿನಿಂದ ಇಣುಕುತ್ತಿತ್ತು, ಅದನ್ನು ಮುಟ್ಟಲಿಲ್ಲ.

"ಉಜ್ಜಿದ್ರೆ ಹೋಗುತ್ತೆ ಅಂದೆ" ಎಂದಳು. "ಅವರು ಬರೆದಿದ್ದನ್ನ ನಾನು ಉಜ್ಜಿ ಹಾಕ್ದೆ."

"ಬರೆದಿರಲಿಲ್ಲ ಅಕ್ಕ, ಬರೀ ಬಣ್ಣ."

"ಆ ಕಂಬೀನ ನಾನು ತುಟಿಗಿಟ್ಟು ನೋಡಿದೀನಿ ಕಣೋ." ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡಳು. ಅದು ಒಳಗೊಳಗೇ ನಡುಗುತ್ತಿತ್ತು, ತಂತಿ ಮೀಟಿದಂತೆ.

ಅಲ್ಲಿಂದಲೇ ಮರಣ್ಣನಿಗೆ ಫೋನ್ ಮಾಡಿದಳು. ಅವನು ಸಾವಧಾನವಾಗಿ ಕೇಳಿಸಿಕೊಂಡ. ಆಮೇಲೆ ಬಲತುದಿಯಿಂದ ಹೇಳಿದ, "ಬಣ್ಣ ಇತ್ತಲ್ಲ ಡಾಕ್ಟ್ರೇ. ನೋಡ್ಕೊಂಡೇ ತಗೊಂಡ್ರಿ. ಉಜ್ಜಿದ್ರೆ ಹೋಗುತ್ತೆ ಅಂದಿದ್ದು ನೀವೇ." ಅಟ್ಟಿಯಲ್ಲಿ ಉಳಿದದ್ದನ್ನು ಏನು ಮಾಡಿದೆ ಎಂದು ಅಕ್ಕ ಕೇಳಿದಾಗ ಫೋನ್ ಕಟ್ಟಾಯಿತು.

ಮಗುವನ್ನೂ ಅಕ್ಕನನ್ನೂ ಆಸ್ಪತ್ರೆಗೆ ಕರೆದೊಯ್ಯಬೇಕಿತ್ತು. ಆದರೆ ತೊಟ್ಟಿಲು? ಸುಟ್ಟರೆ ಹೊಗೆಯಲ್ಲಿ ಬೀದಿಗೆಲ್ಲ ಹಂಚಿದಂತೆ. ಹೂತರೆ ಮಣ್ಣಿಗೆ, ಮಣ್ಣಿನಿಂದ ನೀರಿಗೆ. ಕೊಯ್ದು ತುಂಡು ಮಾಡಿದರೆ ಮತ್ತೆ ಹುಡಿ. ಕಸದ ಕಚೇರಿಗೆ ಫೋನ್ ಮಾಡಿದೆ. ವಿಷದ ಸಾಮಾನು ಒಯ್ಯುವ ಗಾಡಿ ಬೇರೆ ಇದೆ, ಸಂಜೆಯೊಳಗೆ ಬರುತ್ತದೆ, ಎಂದರು.

"ಗೇಟಿನ ಹೊರಗಿಡಿ. ಒಳಗೆ ಬಂದು ಎತ್ತೋದು ಅವರ ಕೆಲಸ ಅಲ್ಲ."

"ಹೊರಗಿಟ್ರೆ ಯಾರಾದ್ರೂ ಒಯ್ದರೆ?"

"ಮೇಲೆ ಬರೆದಿಡಿ ಸ್ವಾಮಿ."

ಅಕ್ಕ ಕೈಗವಸು ತೊಟ್ಟು, ಮುಖಕ್ಕೆ ಬಟ್ಟೆ ಕಟ್ಟಿ, ಸುತ್ತಿಗೆಯಿಂದ ಬೆಣೆಗಳನ್ನು ಹೊರಗೆ ತಟ್ಟಿ ತೊಟ್ಟಿಲನ್ನು ಬಿಡಿಸಿದಳು. ಎಷ್ಟು ಚೆನ್ನಾಗಿ ಕೂಡಿಸಿದ್ದಳೆಂದರೆ ಬಿಡಿಸುವುದಕ್ಕೂ ಅಷ್ಟೇ ಹೊತ್ತು ಬೇಕಾಯಿತು. ಹಲಗೆಗಳನ್ನು ಗೇಟಿನ ಹೊರಗೆ ಗೋಡೆಗೆ ಒರಗಿಸಿದೆವು. ಅಕ್ಕ ಷೆಡ್ಡಿಗೆ ಹೋಗಿ ಕೆಂಪು ಬಣ್ಣದ ಡಬ್ಬ ತಂದಳು. ಎರಡು ಕೈಯಲ್ಲಿ ಕುಂಚ ಹಿಡಿದು ಪ್ರತಿ ಹಲಗೆಯ ಮೇಲೂ 'ವಿಷ, ಮುಟ್ಟಬೇಡಿ' ಎಂದು ಬರೆದಳು. ಅಕ್ಷರಗಳು ಸೊಟ್ಟಗೆ ಬಂದವು. ನಡುವೆ ಒಮ್ಮೆ ನಿಂತು ಹಲಗೆಯನ್ನು ನೋಡಿದಳು. ಇಳಿಬಿಸಿಲು ಅದರ ಎಳೆಯ ಮೇಲೆ ಬಿದ್ದಿತ್ತು. ಅವಳ ಮುಖದಲ್ಲಿ ಆಗ ಬಂದದ್ದು ಆ ಅಂಗಳದ ಮೂಲೆಯಲ್ಲಿ ಬಂದ ನೋಟವೇ. ನಾನು ಅವಳ ತೋಳು ಹಿಡಿದು ಕಾರಿಗೆ ಕರೆದೊಯ್ದೆ.

ಮಗುವಿಗೆ ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಸ್ವಲ್ಪ ಹೊತ್ತು ಮಾತ್ರ ಮಲಗಿತ್ತಲ್ಲ, ಆದರೂ ನೋಡುತ್ತಿರೋಣ ಎಂದರು ಮಕ್ಕಳ ಡಾಕ್ಟರು. ಅಕ್ಕನ ರಕ್ತ ತೆಗೆದುಕೊಂಡು ಅವಳನ್ನು ಅಲ್ಲೇ ಉಳಿಸಿಕೊಂಡರು. ಕೈ ಮೊದಲಿನಂತೆ ಆಗುವುದೇ ಎಂದು ಅವಳು ಕೇಳಿದಳು. ಆ ಡಾಕ್ಟರು ಕಾಗದದಲ್ಲಿ ಏನೋ ಬರೆಯುತ್ತ, ನೋಡೋಣ ಎಂದೇ ಹೇಳಿದರು. ಡಾಕ್ಟರರ 'ನೋಡೋಣ' ಎಷ್ಟು ಬಗೆಯದು ಎಂದು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತು.

ಹೆಂಡತಿ, ಮಗುವಿನ ಜತೆ ನಾನು ಮನೆಗೆ ಮರಳಿದಾಗ ಇನ್ನೂ ಬೆಳಕಿತ್ತು. ಗೇಟಿನ ಮುಂದೆ ಕಸದ ಕಚೇರಿಯ ಗಾಡಿ ನಿಂತಿತ್ತು. ಚಾಲಕ ಇಳಿದು ಗೋಡೆಯನ್ನೇ ನೋಡುತ್ತಿದ್ದ.

"ಎಲ್ಲಿ ಸಾರ್ ಸಾಮಾನು?"

ಗೋಡೆಗೆ ಕೆಂಪು ಬಣ್ಣ ಅಲ್ಲಲ್ಲಿ ಹತ್ತಿತ್ತು, ಹಸಿ ಅಕ್ಷರ ಒರಗಿದ್ದ ಕಡೆ. ಅಷ್ಟೇ.

"ನೀವು ಎತ್ತಲಿಲ್ವಾ?"

"ನಾವು ಬಂದು ಐದು ನಿಮಿಷ ಆಯ್ತು. ಏನೂ ಇರಲಿಲ್ಲ. ಬರೆದಿಟ್ಟಿದ್ರಾ?"

"ಬರೆದಿಟ್ಟಿದ್ವಿ."

"ಮತ್ತೆ ಯಾರು ಒಯ್ತಾರೆ?" ಎಂದ ಅವನು, ನಿಜವಾಗಿಯೂ ತಿಳಿಯದೆ.

ನನಗೆ ತಿಳಿದಿತ್ತು. ಗಾಳಿಗೆ ಬಿದ್ದ ಮರವನ್ನು ರಾತ್ರಿ ಕಳೆಯುವಷ್ಟರಲ್ಲಿ ಎಲೆ ಮಾತ್ರ ಬಿಟ್ಟು ಒಯ್ದವರು. ಡಿಪೋದಲ್ಲಿ ನಾಲ್ಕು ಹಲಗೆ ಕೇಳಿ ಬೈಸಿಕೊಂಡವರು. ಬೀದಿಯಲ್ಲಿ ಹೋಗುತ್ತ ಜೇನುಬಣ್ಣದ ನೇರ ಎಳೆ ಕಂಡು ನಿಂತವರು, ಅಂಚಿಗೆ ಉಗುರು ಒತ್ತಿ ನೋಡಿದವರು, ಒಂದೂ ತೂತಿಲ್ಲ ಎಂದು ಬೆರಗಾದವರು. ವಿಷ ಎಂದು ಬರೆದದ್ದನ್ನು ಓದಿ, ಯಾರೂ ಕದಿಯದಿರಲಿ ಅಂತ ಬರೆದಿದ್ದಾರೆ ಎಂದು ನಕ್ಕವರು. ಅಕ್ಕನಂಥವರು.

ಹೆಂಡತಿಯನ್ನೂ ಮಗುವನ್ನೂ ಒಳಗೆ ಬಿಟ್ಟು ಪೊಲೀಸರಿಗೆ ತಿಳಿಸಿ ಬೀದಿಗಿಳಿದೆ. ಪ್ರತಿ ಗೇಟಿನೊಳಗೆ ಇಣುಕಿದೆ. ಮೂರನೆಯ ತಿರುವಿನ ಹತ್ತಿರ, ಮನೆಗಳು ಒತ್ತಾಗಿರುವ ಗಲ್ಲಿಯಲ್ಲಿ, ಕಿವಿಗೆ ಬಿತ್ತು. ಬೇರೆ ಯಾರಿಗೂ ಕೇಳುತ್ತಿರಲಿಲ್ಲವೇನೋ. ನನಗೆ ಅದರ ಪರಿಚಯವಿತ್ತು. ಉದ್ದಕ್ಕೆ, ಒಂದೇ ಎಳೆಯಲ್ಲಿ, ರೇಷ್ಮೆ ಹರಿದಂತೆ.

ಸರ್ರ್.

ನಾನು ನಿಂತೆ. ಗಲ್ಲಿಯಲ್ಲಿ ಎಲ್ಲ ಮನೆಗಳ ಹಿಂದೆಯೂ ಒಂದೊಂದು ಹಿತ್ತಲು, ಗೋಡೆಯಿಂದ ಗೋಡೆಗೆ ದನಿ ಪುಟಿದು ಯಾವ ಕಡೆಯದೆಂದು ಗೊತ್ತಾಗುತ್ತಿರಲಿಲ್ಲ. "ಉಜ್ಜಬೇಡಿ" ಎಂದು ಕೂಗಿದೆ. ಎಷ್ಟೋ ಜನರ ದನಿಯಲ್ಲಿ ಮಾತಾಡಿ ಬದುಕಿದ ನನಗೆ ಆಗ ನನ್ನದೇ ದನಿ ತೆಳ್ಳಗೆ, ಯಾರದೋ ಎನ್ನುವಂತೆ ಕೇಳಿಸಿತು. ಒಂದು ಕಿಟಕಿ ತೆರೆಯಿತು. ಒಬ್ಬ ಮುದುಕಿ ನೋಡಿ ಮುಚ್ಚಿದಳು. ಉಜ್ಜುವ ದನಿ ನಿಂತಿತು.

ಹತ್ತಿರದ ಬಾಗಿಲು ಬಡಿದೆ. ಒಳಗೆ ಯಾರೋ ಚಪ್ಪಲಿ ಎಳೆಯುತ್ತ ಬರುವುದು ಕೇಳಿಸಿತು, ಚಿಲಕ ತೆಗೆಯುವುದು ಕೇಳಿಸಿತು. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ, ಗಲ್ಲಿಯ ಆಚೆ ಬದಿಯಲ್ಲಿ, ಉಜ್ಜುಗೊರಡು ಮತ್ತೆ ಶುರುವಾಯಿತು.